ಎರಡೇ ವಿಷಯ ಓದಿದವಳ ಫ್ಲೆಕ್ಸ್

ನಮ್ಮ ದ್ವೀಪದ ಬುಗ್ನಾವನ್ ಎಂಬ ಊರಿನಲ್ಲಿ ಒಬ್ಬರಿಗೆ ಒಳ್ಳೆಯದಾದರಷ್ಟೇ ಸಾಲದು, ಅದು ಫ್ಲೆಕ್ಸ್ ಮೇಲೆ ಬರಬೇಕು. ನರ್ಸಿಂಗ್ ಪರೀಕ್ಷೆ ಪಾಸಾದವರು, ಹಡಗಿನಲ್ಲಿ ಕೆಲಸ ಸಿಕ್ಕವರು, ಪೊಲೀಸ್ ಆದವರು, ಪೊಲೀಸ್ ಆದವರನ್ನು ಮದುವೆಯಾದವರು, ಎಲ್ಲರ ಮುಖವೂ ಒಂದಲ್ಲ ಒಂದು ದಿನ ಅವರವರ ಗೇಟಿನ ಮೇಲೆ 'ಅಭಿನಂದನೆಗಳು' ಎಂಬ ದಪ್ಪಕ್ಷರದ ಕೆಳಗೆ ನಗುತ್ತ ನೇತಾಡಲೇಬೇಕು. ಒಮ್ಮೆ ಕಾಳಗದಲ್ಲಿ ಗೆದ್ದ ಹುಂಜವೂ ಬಂದಿತ್ತು. ಪಕ್ಕದಲ್ಲೇ ಮಾಲೀಕನೂ ಇದ್ದ. ಗೆದ್ದವರು ಯಾರೆಂಬ ಅನುಮಾನ ಯಾರಿಗೂ ಬಾರದಿರಲೆಂದು ಹುಂಜದ ಮುಖವನ್ನೇ ದೊಡ್ಡದಾಗಿ ಹಾಕಲಾಗಿತ್ತು.

ಹಾಗೆ ಹಾಕಿದವನು ಸೆವೆರಿನೊ ಕಬತಿಂಗನ್. ನಾಂಗ್ ಪೆತ್ರಾಳ, ಅಂದರೆ ಪೆತ್ರಾ ಅಕ್ಕನ, ಪ್ರಿಂಟಿಂಗ್ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಊರವರ ಕಣ್ಣ ಕೆಳಗಿನ ಕಪ್ಪು ಅಳಿಸುವುದು, ಮೂಗಿಗೆ ಬೆಳಕು ಕೊಡುವುದು, ಅಕ್ಷರಕ್ಕೆ ಹಳದಿ ಅಂಚು ಹಚ್ಚುವುದು ಅವನ ಕೆಲಸ. ವಯಸ್ಸು ಮೂವತ್ತೊಂದು. ಗಣಕ ವಿಜ್ಞಾನದಲ್ಲಿ ನಾಲ್ಕು ವರ್ಷ ಓದಿ, ಒಳ್ಳೆಯ ಅಂಕ ತೆಗೆದು, ಪದವಿ ಪಡೆದವನು. ಪದವಿ ಪಡೆದ ವಾರವೇ 'ಸದ್ಯಕ್ಕೆ ಇರಲಿ' ಎಂದು ಈ ಅಂಗಡಿ ಸೇರಿದ. ಆ ಸದ್ಯಕ್ಕೆ ಈಗ ಒಂಬತ್ತು ವರ್ಷ. ಈ ನಡುವೆ ಏಳು ಕಂಪನಿಗಳು ಅವನನ್ನು ಸಂದರ್ಶನಕ್ಕೆ ಕರೆದಿದ್ದವು. ಏಳರಲ್ಲೂ ಅವನು, ಕೇಳಿದ ಪ್ರಶ್ನೆಯಲ್ಲಿ ಏನು ತಪ್ಪಿದೆ ಎಂದು ಕೇಳಿದವರಿಗೇ ವಿವರಿಸಿ ಎದ್ದು ಬಂದಿದ್ದ.

ಹೀಗಿರುವಾಗ ಒಂದು ಸೋಮವಾರ ಬೆಳಿಗ್ಗೆ ಪಕ್ಕದ ಮನೆಯ ನಾಂಗ್ ಫೆಲಿಸಾ ಅಂಗಡಿಗೆ ಬಂದಳು. ಬೀದಿಯ ತುದಿಯಲ್ಲಿ ಬಾಳೆಹಣ್ಣು ಸುಟ್ಟು ಮಾರುವವಳು. ಅವಳು ಬರುವ ಮೊದಲೇ ಹೊಗೆಯ ವಾಸನೆ ಬರುತ್ತದೆ.

"ಸೆವೆರ್, ದೊಂಗ್, ತಮ್ಮಾ, ಒಂದು ಫ್ಲೆಕ್ಸ್ ಆಗ್ಬೇಕಿತ್ತಲ್ಲ."

"ಯಾರು ತೀರ್ಕೊಂಡ್ರು ನಾಂಗ್?" ಸೆವೆರಿನೊ ತಲೆ ಎತ್ತದೆ ಕೇಳಿದ. ಆ ವಾರ ಮೂರು ಶ್ರದ್ಧಾಂಜಲಿ ಮಾಡಿದ್ದ.

"ನಿನ್ನ ಬಾಯಲ್ಲಿ ಒಂದು ಒಳ್ಳೆ ಮಾತು ಬರಲ್ವಲ್ಲ! ನನ್ನ ಮಗಳು ರಿಝಾಲಿನ್‌ಗೆ ಕೆಲಸ ಸಿಕ್ತು ಕಣೋ. ಸಿಟೀಲಿ. ಕಂಪ್ಯೂಟರ್ ಕಂಪನೀಲಿ."

ಸೆವೆರಿನೊನ ಕೈಯಲ್ಲಿದ್ದ ಮೌಸ್ ನಿಂತಿತು. ತೆರೆಯ ಮೇಲೆ ಯಾರದೋ ಮದುಮಗಳ ಗಲ್ಲ ಅರ್ಧ ಬಿಳಿಯಾಗಿ, ಅರ್ಧ ಹಾಗೇ ಉಳಿಯಿತು.

"ಫೋನ್ ಎತ್ತೋ ಕೆಲಸ ತಾನೆ?"

"ಅಲ್ವಂತೆ. ಸಾಫ್ಟ್‌ವೇರಂತೆ."

"ಅವಳು ಬಂದರಿನಲ್ಲಿ ದೋಣಿ ಟಿಕೆಟ್ ಕೊಡ್ತಿದ್ದಳಲ್ಲ ನಾಂಗ್. ಓದಿದ್ದೇನು?"

"ಎರಡು ವಿಷಯ. ಶನಿವಾರದ ಕ್ಲಾಸಿಗೆ ಹೋಗ್ತಿದ್ದಳಲ್ಲ? ಆಮೇಲೆ ಬಂದರಿನ ಕೆಲಸ ಜಾಸ್ತಿ ಆಯ್ತು, ಬಿಟ್ಲು."

"ಎರಡು ವರ್ಷ?"

"ವರ್ಷ ಅಲ್ಲಪ್ಪ, ವಿಷಯ." ಫೆಲಿಸಾ ಎರಡು ಬೆರಳು ಎತ್ತಿ ತೋರಿಸಿದಳು. ಇದ್ದಿಲಿನಿಂದ ಕಪ್ಪಾದ ಆ ಎರಡು ಬೆರಳುಗಳನ್ನು ಸೆವೆರಿನೊ ಬಹಳ ಹೊತ್ತು ನೋಡಿದ. ತಾನು ಓದಿದ್ದು ನಲವತ್ತೆಂಟು ವಿಷಯ. ಎಣಿಸಿ ತೋರಿಸಬೇಕೆಂದರೆ ಮನೆಮಂದಿಯ ಕೈಕಾಲೆಲ್ಲ ಸಾಲವಾಗಿ ತರಬೇಕು.

ಹೊಟ್ಟೆಕಿಚ್ಚಿನಲ್ಲಿ ದರ್ಜೆಗಳಿವೆ. ಹೆಚ್ಚು ಓದಿದವನು ಮುಂದೆ ಹೋದರೆ ಹೊಟ್ಟೆ ಬೆಚ್ಚಗಾಗುತ್ತದೆ. ನಮ್ಮಷ್ಟೇ ಓದಿದವನು ಹೋದರೆ ಸುಡುತ್ತದೆ. ಎರಡು ವಿಷಯ ಓದಿದವಳು ಹೋದರೆ ಏನಾಗುತ್ತದೆ ಎಂಬುದನ್ನು ಫೆಲಿಸಾಳ ಒಲೆಯ ಮೇಲಿನ ಬಾಳೆಹಣ್ಣನ್ನು ಕೇಳಬೇಕು.

"ನಾಂಗ್, ನೀವು ಹೋಗಿ. ಎಲ್ಲ ವಿವರ ಹಾಕಿ ಚೆನ್ನಾಗಿ ಮಾಡಿಕೊಡ್ತೀನಿ," ಎಂದ ಸೆವೆರಿನೊ, ಇದ್ದಕ್ಕಿದ್ದಂತೆ ಜೇನಾಗಿ.

ಸುಳ್ಳು ಬರೆದು ಅವಮಾನ ಮಾಡುವುದು ಹೀನರ ಕೆಲಸ. ನಿಜ ಬರೆದು ಅವಮಾನ ಮಾಡುವುದು ವಿದ್ಯಾವಂತರ ಕೆಲಸ. ಸೆವೆರಿನೊ ವಿದ್ಯಾವಂತ. ಸಂಜೆಯ ಹೊತ್ತಿಗೆ ಫೆಲಿಸಾಳ ಗೇಟಿನ ಮೇಲೆ ಆರಡಿ ಉದ್ದದ ಫ್ಲೆಕ್ಸ್ ಏರಿತು. 'ಅಭಿನಂದನೆಗಳು' ಎಂಬುದರ ಕೆಳಗೆ ರಿಝಾಲಿನ್ ಬಕಲ್ಸೊ ಎಂಬ ಹೆಸರು. ಅದರ ಕೆಳಗೆ, ಹೆಸರಿಗಿಂತಲೂ ಸ್ಪಷ್ಟವಾಗಿ:

ಓದಿದ್ದು: ೧. ಗಣಕ ವಿಜ್ಞಾನ ಪರಿಚಯ. ೨. ಪ್ರೋಗ್ರಾಮಿಂಗ್, ಮೊದಲ ಭಾಗ. ಇಷ್ಟೇ.

ಎದುರಿನ ಕಟ್ಟೆಯ ಮೇಲೆ ಕೂತು ಸೆವೆರಿನೊ ಜನ ನಗುವುದನ್ನು ಕಾದ. ಮೊದಲು ಬಂದದ್ದು ಮೀನು ಮಾರುವವಳು. ಬುಟ್ಟಿ ಇಳಿಸಿ ಓದಿದಳು.

"ಎರಡೆರಡು!" ಎಂದಳು. "ನನ್ನ ತಂಗಿ ಮಗ ನರ್ಸಿಂಗ್ ಒಂದೇ ಮಾಡಿದ್ದು."

"ಅಕ್ಕ, ಸರಿಯಾಗಿ ಓದಿ. ಕೊನೇಲಿ ಇಷ್ಟೇ ಅಂತಿದೆ," ಎಂದ ಸೆವೆರಿನೊ ಕಟ್ಟೆಯಿಂದ ಇಳಿದು.

"ಓದಿದೆ ಕಣಪ್ಪ. ಅಷ್ಟು ದೊಡ್ಡ ಕೆಲಸಕ್ಕೆ ಇಷ್ಟೇ ಸಾಕಾಯ್ತು ಅಂದ್ರೆ ಹುಡುಗಿ ತಲೆ ಎಂಥದಿರಬೇಡ!"

ಒಂಬತ್ತು ವರ್ಷ ಫ್ಲೆಕ್ಸ್ ಮಾಡಿದವನಿಗೆ ಇದು ಮೊದಲೇ ಹೊಳೆಯಬೇಕಿತ್ತು. ಬುಗ್ನಾವನ್‌ನಲ್ಲಿ ಫ್ಲೆಕ್ಸ್‌ನ ಮೇಲೆ ಏರಿದ ಮಾತು ಹೊಗಳಿಕೆಯಲ್ಲದೆ ಬೇರೆ ಆಗಲಾರದು. ಹೊಗಳಿಕೆಯಲ್ಲದಿದ್ದರೆ ಅದನ್ನು ಯಾರು ತಾನೆ ಗೇಟಿಗೆ ಕಟ್ಟುತ್ತಾರೆ?

ಮರುದಿನ ಬಾರಂಗಾಯ್‌ನ, ಅಂದರೆ ಗ್ರಾಮಾಡಳಿತದ, ಕ್ಯಾಪ್ಟನ್, ಊರವರ ಬಾಯಲ್ಲಿ ಕಾಪ್ ಉರ್ಬಾನೊ, ಅಂಗಡಿಗೇ ಬಂದರು. ಈ ಊರಿನ ಪಂಚಾಯ್ತಿ, ಪೊಲೀಸು, ಜಗಳದ ತೀರ್ಪು, ಎಲ್ಲಕ್ಕೂ ಅವರೇ. ಮುಂದಿನ ಚುನಾವಣೆಗೆ ಎಂಟು ತಿಂಗಳಿತ್ತು.

"ದೊಂಗ್ ಸೆವೆರ್, ಫೆಲಿಸಾ ಮನೆ ಫ್ಲೆಕ್ಸ್ ನೋಡ್ದೆ. ಏನೋ ಒಂದು ಕೊರತೆ ಕಾಣ್ತಿದೆ."

ಸೆವೆರಿನೊನ ಮುಖ ಅರಳಿತು. ಕೊನೆಗೂ ಕಣ್ಣಿರುವ ಒಬ್ಬರು ಸಿಕ್ಕರು. "ನಿಮಗೂ ಹಾಗನ್ನಿಸ್ತಾ ಕಾಪ್? ಓದಿದ್ದು ಬರೀ ಎರಡು..."

"ನನ್ನ ಮುಖ ಇಲ್ಲ."

ಸೆವೆರಿನೊ ಆರ್ಡರ್ ಪುಸ್ತಕ ತೆರೆದ.

"ಹತ್ತಡಿ ಮಾಡು. ರಸ್ತೆಗೆ ಅಡ್ಡಲಾಗಿ ಕಟ್ಟೋಣ. ಎಡಗಡೆ ಹುಡುಗಿ, ಬಲಗಡೆ ನಾನು. ನಾನು ಸ್ವಲ್ಪ ಮುಂದೆ ಇರ್ಲಿ. ವಿವರ ಇನ್ನೂ ಜಾಸ್ತಿ ಹಾಕು. ಜನ ನಿಂತು ಓದೋದು ನೋಡಿದೀನಿ. ಓದ್ತಾ ಓದ್ತಾ ಬಲಗಡೆಗೂ ಬರ್ತಾರೆ."

ವಿವರ! ಸೆವೆರಿನೊನ ಒಳಗಿನ ಸಂಶೋಧಕ ಎದ್ದು ಕೂತ. ಅಂಗಡಿಗೆ ಹಲ್ಲುನೋವೆಂದು ಹೇಳಿ, ಮೂರು ದಿನ ಜೀಪ್ನಿ ಬಸ್ಸು ಹತ್ತಿ ಪಟ್ಟಣದ ಕಾಲೇಜಿಗೆ ಅಲೆದ. ತಾನೂ ಅಲ್ಲೇ ಓದಿದವನಾದ್ದರಿಂದ ಪರಿಚಯದ ಮೇಷ್ಟರು ಸಿಕ್ಕರು. ಮಾತಿನ ಮಧ್ಯೆ ಅವಳ ಗುಟ್ಟುಗಳನ್ನು ಒಂದೊಂದಾಗಿ ಬಾಯಿಬಿಟ್ಟರು. ಇನ್ನು ಅಂಕಪಟ್ಟಿ. "ಫ್ಲೆಕ್ಸಿಗೆ ಬೇಕು" ಎಂದದ್ದೇ ತಡ, ಫೆಲಿಸಾ ದೇವರ ಗೂಡಿನಲ್ಲಿ ಬಾಲಯೇಸುವಿನ ಬೆನ್ನ ಹಿಂದಿಟ್ಟಿದ್ದ ಪಟ್ಟಿಯನ್ನು ತೆಗೆದು, ಹಣೆಗೆ ಮುಟ್ಟಿಸಿ, ಅವನ ಕೈಗೆ ಕೊಟ್ಟಳು. ನಮ್ಮ ಕಾಲೇಜುಗಳಲ್ಲಿ ಒಂದು ಎಂದರೆ ಶಿಖರ, ಐದು ಎಂದರೆ ನಪಾಸು, ಮೂರು ಎಂದರೆ ಪಾಸಿನ ಹೊಸಿಲಿನ ಮೇಲೆ ಒಂದು ಕಾಲು. ರಿಝಾಲಿನ್‌ಗೆ ಎರಡರಲ್ಲೂ ಮೂರು.

ಹತ್ತಡಿಯ ಫ್ಲೆಕ್ಸ್ ರಸ್ತೆಗೆ ಅಡ್ಡಲಾಗಿ ಏರಿತು. ಅಂಕ: ೩.೦, ೩.೦. ಪ್ರಯೋಗಾಲಯದ ಹಾಜರಿ: ಹನ್ನೊಂದರಲ್ಲಿ ಏಳು. ಕೊನೆಯ ಪರೀಕ್ಷೆಗೆ ಬಂದ ಸಮಯ: ನಲವತ್ತು ನಿಮಿಷ ತಡ.

ಜನ ಜಾತ್ರೆಯಂತೆ ನೆರೆದರು.

"ಅಂಕ ಕೂಡ ಹಾಕಿದಾರೆ ನೋಡಿ," ಎಂದ ಕ್ಷೌರದವನು. "ಇದುವರೆಗೆ ಯಾರಾದ್ರೂ ಅಂಕ ಹಾಕಿದ್ರಾ? ಧೈರ್ಯ ಇದ್ದವರು ಮಾತ್ರ ಹಾಕ್ತಾರೆ."

"ನಲವತ್ತು ನಿಮಿಷ ತಡವಾಗಿ ಹೋಗೀನೂ ಪಾಸು!" ಎಂದಳು ಮೀನಿನವಳು. "ಹೊತ್ತಿಗೆ ಸರಿಯಾಗಿ ಹೋಗಿದ್ದಿದ್ರೆ ಕಾಲೇಜನ್ನೇ ಇವಳಿಗೆ ಬರೆದುಕೊಡ್ಬೇಕಾಗ್ತಿತ್ತು."

ಯಾರೋ ಫೋಟೋ ತೆಗೆದರು. ಅದು ಊರೂರು ಸುತ್ತಿತು. ಪಕ್ಕದ ಬಾರಂಗಾಯ್‌ನಿಂದ ಇಬ್ಬರು ತಾಯಂದಿರು ಮಕ್ಕಳನ್ನು ಕರೆತಂದು ಫ್ಲೆಕ್ಸ್ ತೋರಿಸಿ ಬುದ್ಧಿ ಹೇಳಿಹೋದರು.

ಸೆವೆರಿನೊನ ತಾಯಿ ನಾಂಗ್ ಕೊನ್ಸಿಂಗ್ ದಿನಕ್ಕೆರಡು ಸಲ ಅದರ ಕೆಳಗೆ ಹಾದುಹೋಗಬೇಕಿತ್ತು. ಒಂದು ದಿನ ಅನ್ನ ಬಡಿಸುತ್ತ, "ನಿನ್ನ ಅಂಕ ಎಷ್ಟಿತ್ತೋ?" ಎಂದು ಕೇಳಿದಳು.

"ಒಂದೂ ಕಾಲು ಮಾ."

"ಮೂರಕ್ಕಿಂತ ಕಡಿಮೇನಾ?" ಎಂದು ನಿಟ್ಟುಸಿರು ಬಿಟ್ಟು ಒಳಗೆ ಹೋದಳು.

ಕೆಲಸ ಸಿಕ್ಕವರು ಬೀದಿಗೆ ಊಟ ಹಾಕಬೇಕು. ಮರುವಾರದ ಶನಿವಾರ ಮಧ್ಯಾಹ್ನ ಫೆಲಿಸಾಳ ಅಂಗಳದಲ್ಲಿ ಬಾಳೆಎಲೆಯ ಮೇಲೆ ಇಡಿಯಾಗಿ ಸುಟ್ಟ ಹಂದಿ, ಪಕ್ಕದಲ್ಲಿ ತೆಂಗಿನ ಗರಿಯ ಪುಟ್ಟ ಚೀಲಗಳಲ್ಲಿ ಬೆಂದ ಅನ್ನ. ಸೆವೆರಿನೊ ಊಟಕ್ಕೆ ಹೋದದ್ದು ಹಸಿವಿನಿಂದಲ್ಲ, ತತ್ತ್ವಕ್ಕಾಗಿ. ಎಲ್ಲರೂ ಕೂತ ಮೇಲೆ ಗಂಟಲು ಸರಿಮಾಡಿಕೊಂಡ.

"ದಾಯ್ ರಿಝಾಲಿನ್, ತಂಗೀ, ಒಂದು ಸಣ್ಣ ಪ್ರಶ್ನೆ. ಬೈನರಿ ಟ್ರೀ ಅಂದ್ರೇನು?"

ರಿಝಾಲಿನ್ ಕೈಯಲ್ಲಿ ಸೌಟು ಹಿಡಿದು ಓಡಾಡುತ್ತಿದ್ದಳು. ಇಪ್ಪತ್ತೆರಡು ವರ್ಷದ ದುಂಡು ಮುಖದ ಹುಡುಗಿ. "ಗೊತ್ತಿಲ್ಲ ನೊಯ್, ಅಣ್ಣಾ," ಎಂದಳು ನಗುತ್ತ.

"ರಿಕರ್ಶನ್?"

"ಅದೂ ಗೊತ್ತಿಲ್ಲ. ಇನ್ನೊಂದು ತುಂಡು ಹಾಕ್ಲಾ?"

"ಕೇಳಿಸ್ಕೊಂಡ್ರಾ?" ಸೆವೆರಿನೊ ಪಂಕ್ತಿಯ ಕಡೆ ತಿರುಗಿದ. "ಎರಡೂ ಗೊತ್ತಿಲ್ಲ!"

ಪಂಕ್ತಿ ಕೇಳಿಸಿಕೊಂಡಿತ್ತು. "ಎಷ್ಟು ವಿನಯ ನೋಡಿ," ಎಂದು ಒಬ್ಬಳು ಕಣ್ಣೊರೆಸಿಕೊಂಡಳು. "ವಿನಯ ಅಲ್ಲ," ಎಂದರು ಕಾಪ್ ಉರ್ಬಾನೊ, ವಿಷಯ ಬಲ್ಲವರಂತೆ. "ದೊಡ್ಡ ಕಂಪನಿಯವರು ಗುಟ್ಟು ಬಿಡಬಾರ್ದು ಅಂತ ಸಹಿ ಹಾಕಿಸ್ಕೊಂಡಿರ್ತಾರೆ. ಪಾಪ, ಹೇಳೋ ಹಾಗಿಲ್ಲ." ಆಮೇಲೆ ಎಲುಬು ಕೆಳಗಿಟ್ಟು ಸೆವೆರಿನೊನನ್ನು ನೋಡಿದರು. "ಅದಿರ್ಲಿ ದೊಂಗ್. ನಿಂಗೆ ಇದೆಲ್ಲ ಇಷ್ಟು ಗೊತ್ತಿದ್ರೆ, ನೀನ್ಯಾಕೆ ಇನ್ನೂ ಪೆತ್ರಾ ಅಂಗಡೀಲಿ ನನ್ನ ಮೊಡವೆ ಅಳಿಸ್ತಾ ಕೂತಿದೀಯ?"

ಮೂಲೆಯಲ್ಲಿ ಕೊನ್ಸಿಂಗ್ ತಲೆ ತಗ್ಗಿಸಿ ಅನ್ನದ ಚೀಲದ ಗರಿಯನ್ನು ಬಿಚ್ಚತೊಡಗಿದಳು. ಅದು ಆಗಲೇ ಬಿಚ್ಚಿತ್ತು. ಆ ತಗ್ಗಿದ ತಲೆಯನ್ನು ನೋಡಿದ ಸೆವೆರಿನೊನ ಬಾಯಿಂದ ಒಂದು ವಾಕ್ಯ ಹೊರಟಿತು. ಅದು ಎಲ್ಲಿಂದ ಬಂತೆಂದು ಅವನಿಗೆ ಇಂದಿಗೂ ತಿಳಿಯದು.

"ನನ್ನನ್ನೂ ತಗೊಂಡಿದಾರೆ. ಅದೇ ಕಂಪನಿ. ಹೇಳೋದು ಬೇಡ ಅಂತಿದ್ದೆ."

ಕೊನ್ಸಿಂಗ್ ಎದ್ದುನಿಂತಳು. ಆಮೇಲೆ ಕೂತಳು. ಆಮೇಲೆ ಅತ್ತಳು.

"ಹೌದಾ ನೊಯ್? ಹೇಳಲೇ ಇಲ್ಲ!" ರಿಝಾಲಿನ್ ಸೌಟು ಹಿಡಿದೇ ಅವನನ್ನು ನೋಡಿದಳು. ಒಂದು ಕ್ಷಣ ಏನನ್ನೋ ಲೆಕ್ಕ ಹಾಕಿದಂತಿತ್ತು. "ಯಾವಾಗಿಂದ?"

"ಬುಧವಾರದಿಂದ."

"ಸರಿ ಹಾಗಾದ್ರೆ. ಒಟ್ಟಿಗೇ ಹೋಗೋಣ."

ಉಳಿದದ್ದು ಸೆವೆರಿನೊನ ಕೈಯಲ್ಲಿರಲಿಲ್ಲ. ಭಾನುವಾರ ಪೂಜೆ ಮುಗಿಸಿ ಬಂದ ಕೊನ್ಸಿಂಗ್ ನೇರ ಪೆತ್ರಾಳ ಮನೆಗೆ ಹೋಗಿ ಅಂಗಡಿಯ ಬಾಗಿಲು ತೆರೆಸಿದಳು.

"ಫೆಲಿಸಾ ಮಗಳದು ಹತ್ತಡಿ. ನನ್ನ ಮಗನದು ಹನ್ನೆರಡು."

"ಯಂತ್ರ ಕೆಟ್ಟಿದೆ ಮಾ," ಎಂದ ಸೆವೆರಿನೊ.

"ಯಾವ ಯಂತ್ರ?" ಎಂದಳು ಪೆತ್ರಾ. "ನಿನ್ನೆ ಸಂಜೆ ಓಡ್ತಿತ್ತಲ್ಲ. ಒಂಬತ್ತು ವರ್ಷ ದುಡಿದಿದೀಯ, ಇದು ನನ್ನ ಉಡುಗೊರೆ. ಕೂತ್ಕೋ, ಮಾಡು."

"ನಾನು ಈ ಸಲ ನಡೂಮಧ್ಯ ಇರ್ತೀನಿ," ಎಂದರು ಆಗಷ್ಟೇ ಬಂದ ಕಾಪ್ ಉರ್ಬಾನೊ. "ಇಬ್ಬಿಬ್ಬರನ್ನ ಕೊಟ್ಟ ಬಾರಂಗಾಯ್ ಅಂದ್ರೆ ಸುಮ್ನೇನಾ?"

ಹೀಗೆ ಸೆವೆರಿನೊ ತನ್ನ ಫ್ಲೆಕ್ಸನ್ನು ತಾನೇ ಮಾಡಿದ. ಕಣ್ಣ ಕೆಳಗಿನ ಕಪ್ಪನ್ನು ಅಳಿಸಿದ. ಮೂಗಿಗೆ ಬೆಳಕು ಕೊಟ್ಟ. ಕಣ್ಣೊಳಗಿನ ಭಯವನ್ನು ಅಳಿಸುವ ಸಾಧನ ಆ ತಂತ್ರಾಂಶದಲ್ಲಿ ಇರಲಿಲ್ಲ. ವಿವರದ ಜಾಗದಲ್ಲಿ, ಬೇರೆಯವರ ಬಗ್ಗೆ ಅಷ್ಟು ನಿಜ ಬರೆದ ಕೈ, 'ತಂತ್ರಜ್ಞ' ಎಂದು ಬರೆದು ನಿಂತಿತು. ಮಂಗಳವಾರ ಫ್ಲೆಕ್ಸ್ ಏರಿತು. ಬುಧವಾರ ಬೆಳಿಗ್ಗೆ ಅದರ ಕೆಳಗೆ ನಿಂತು ಕೊನ್ಸಿಂಗ್ ಮಗನ ಅಂಗಿಯ ಕಾಲರು ಸರಿಮಾಡಿ, ಸಂಜೆ ಎಷ್ಟು ಹೊತ್ತಿಗೆ ಬರುತ್ತೀ, ಬೀದಿಯವರೆಲ್ಲ ಕಾಯುತ್ತಾರೆ ಎಂದಳು. ಇಂದೇ ಅಲ್ಲಿ ಹೇಗಾದರೂ ಕೆಲಸ ಸಿಗದಿದ್ದರೆ ಅದೇ ಬೀದಿಯವರ ಎದುರು ಏಣಿ ಹತ್ತಿ ತನ್ನ ಹನ್ನೆರಡಡಿ ಮುಖವನ್ನು ತಾನೇ ಬಿಚ್ಚಬೇಕು. ತಾಯಿ ಏಣಿ ಹಿಡಿದಿರುತ್ತಾಳೆ.

ಜೀಪ್ನಿ ನಗರ ಮುಟ್ಟಿತು. ಇಳಿಯುವಾಗ ರಿಝಾಲಿನ್ ಮೆಲ್ಲಗೆ, "ನೊಯ್, ಇನ್ನೊಂದು ಜಾಗ ಖಾಲಿ ಇರೋದು ನಿಜ. ನಮ್ಮ ಮ್ಯಾನೇಜರ್ ಮಿಸ್ ಅಲ್ಕೊವೆರ್ ಹತ್ರ ನಿನ್ನೆ ಹೇಳಿದೀನಿ. ಪರೀಕ್ಷೆ ತಗೋತಾರಂತೆ," ಎಂದಳು.

ಉಪಕಾರ ಮಾಡಿದವರನ್ನು ಕ್ಷಮಿಸುವುದು ಕಷ್ಟ. ಸೆವೆರಿನೊ ಕ್ಷಮಿಸಲಿಲ್ಲ. "ಯಾರ ಶಿಫಾರಸೂ ನಂಗೆ ಬೇಕಿರ್ಲಿಲ್ಲ," ಎಂದು ಅವಳ ಹಿಂದೆಯೇ ನಡೆದ.

ಮಿಸ್ ಅಲ್ಕೊವೆರ್ ಅವನಿಗಿಂತ ಐದು ವರ್ಷ ಚಿಕ್ಕವಳು. ಅದೂ ಒಂದು ನೋವು. ಒಂದು ಕಂಪ್ಯೂಟರಿನ ಮುಂದೆ ಕೂರಿಸಿದಳು. ತೆರೆಯ ಮೇಲೆ ದ್ವೀಪದಿಂದ ದ್ವೀಪಕ್ಕೆ ಹೋಗುವ ದೋಣಿಗಳ ಟಿಕೆಟ್ ಕಾಯ್ದಿರಿಸುವ ಪುಟ. "ಸರ್ ಸೆವೆರಿನೊ, ಇದನ್ನ ಇನ್ನೂ ಜನರಿಗೆ ಬಿಟ್ಟಿಲ್ಲ. ಅರ್ಧ ಗಂಟೆ ಕೊಡ್ತೀನಿ. ಕೆಡಿಸಿ ನೋಡಿ."

ಅರ್ಧ ಗಂಟೆಯ ನಂತರ ಅವಳು ಬಂದಾಗ ಸೆವೆರಿನೊನ ಮುಂದೆ ಹನ್ನೊಂದು ಹಾಳೆಗಳಿದ್ದವು. ಈ ಪುಟವನ್ನು ಯಾವ ತತ್ತ್ವದ ಮೇಲೆ ಕಟ್ಟಬೇಕಿತ್ತು, ಕಟ್ಟಿದವರು ಯಾವ ಪುಸ್ತಕ ಓದಿಲ್ಲ, ಎಲ್ಲವೂ ಚಿತ್ರಸಮೇತ.

"ಬಟನ್ ಒತ್ತಿದ್ರಾ?"

"ಅಗತ್ಯ ಬೀಳ್ಲಿಲ್ಲ ಮಿಸ್."

"ಒಂದು ಸಲವೂ?"

"ನೋಡಿದ್ರೇ ಗೊತ್ತಾಗುತ್ತೆ."

ಮಿಸ್ ಅಲ್ಕೊವೆರ್ ಹಾಳೆಗಳನ್ನು ಜೋಡಿಸಿ ಬದಿಗಿಟ್ಟಳು. "ರಿಝಾಲಿನ್ ಏನು ಮಾಡಿದ್ಲು ಹೇಳ್ಲಾ? ಹೆಸರಿನ ಜಾಗದಲ್ಲಿ ಅವಳ ಅಜ್ಜಿ ಹೆಸರು, ಅದಕ್ಕೆ ಸೇರಿದ ಎಲ್ಲ ಸಂತರ ಹೆಸರಿನ ಸಮೇತ, ಹಾಕಿದ್ಲು. ಪುಟ ಒಡೀತು. ವಯಸ್ಸಿನ ಜಾಗದಲ್ಲಿ ಸೊನ್ನೆ ಹಾಕಿದ್ಲು, ಮಡಿಲ ಮಗು ಅಂತ. ಒಡೀತು. ಆಮೇಲೆ 'ಕಾಯ್ದಿರಿಸಿ' ಅನ್ನೋ ಬಟನ್ನನ್ನ ನಲವತ್ತು ಸಲ ಒತ್ತಿದ್ಲು. ಒಬ್ಬಳಿಗೇ ನಲವತ್ತು ಟಿಕೆಟ್ ಬಂತು. ಯಾಕೆ ಹೀಗೆ ಅಂದ್ರೆ, ಚಂಡಮಾರುತದ ಮುನ್ಸೂಚನೆ ಬಂದ ದಿನ ಬಂದರಿನಲ್ಲಿ ಜನ ಹೀಗೇ ಒತ್ತೋದು ಅಂದ್ಲು. ನೀವು ಓದಿದ್ದು ಹೆಚ್ಚು ಸರ್, ಅದರಲ್ಲಿ ಸಂಶಯ ಇಲ್ಲ. ಆದ್ರೆ ನಮಗೆ..."

'ಆದ್ರೆ' ಎಂಬ ಮಾತು ಏಳು ಕಂಪನಿಗಳಲ್ಲಿ ಕೇಳಿ ಅಭ್ಯಾಸವಾಗಿತ್ತು. ಸೆವೆರಿನೊ ಎದ್ದು ನಿಂತ. ಅವನ ಕಣ್ಣಿಗೆ ಏಣಿ ಕಾಣಿಸುತ್ತಿತ್ತು.

"ಸದ್ಯ ಎಲ್ಲಿದೀರಿ?" ಸೌಜನ್ಯಕ್ಕೆಂದು ಕೇಳಿದಳು ಮಿಸ್ ಅಲ್ಕೊವೆರ್.

"ಫ್ಲೆಕ್ಸ್ ಮಾಡ್ತೀನಿ. ಬುಗ್ನಾವನ್‌ನಲ್ಲಿ."

ಅವಳು ಬಾಗಿಲ ಹಿಡಿಯಿಂದ ಕೈ ತೆಗೆದಳು. ಫೋನ್ ತೆಗೆದು ಅವನ ಮುಂದೆ ಹಿಡಿದಳು. ಅದರಲ್ಲಿ ರಿಝಾಲಿನ್‌ಳ ಹತ್ತಡಿಯ ಫ್ಲೆಕ್ಸು. "ಇದು ನೀವೇ ಮಾಡಿದ್ದಾ? ನಮ್ಮ ಆಫೀಸಲ್ಲಿ ಇದನ್ನ ನೋಡದವರಿಲ್ಲ. ಹಾಜರಿ ಹನ್ನೊಂದರಲ್ಲಿ ಏಳು ಅಂತ ನಿಮಗೆ ಯಾರು ಹೇಳಿದ್ರು?"

"ತಾವಾಗಿ ಯಾರೂ ಹೇಳ್ಲಿಲ್ಲ. ನಾನೇ ಹುಡುಕ್ದೆ."

"ನಲವತ್ತು ನಿಮಿಷ ತಡ?"

"ಅದನ್ನೂ. ಮೂರು ದಿನ ಹಿಡೀತು."

"ಇದರಲ್ಲಿ ತಪ್ಪೇನಾದ್ರೂ ಇದೆಯಾ?"

"ನನ್ನ ಫ್ಲೆಕ್ಸಲ್ಲಾ?" ಸೆವೆರಿನೊ ಅಂದಿನ ಇಡೀ ದಿನದಲ್ಲಿ ಮೊದಲ ಬಾರಿಗೆ ನಿಜವಾಗಿ ನೊಂದ. "ಒಂದೊಂದನ್ನೂ ಎರಡೆರಡು ಸಲ ನೋಡಿದೀನಿ. ನಲವತ್ತು ನಿಮಿಷ ಅಂತ ಮೇಷ್ಟರು ಅಂದ್ರು. ಬಾಗಿಲು ಕಾಯೋನನ್ನೂ ಕೇಳ್ದೆ. ಅವನು ಮೂವತ್ತೆಂಟು ಅಂದ. ಮತ್ತೆ ಮೇಷ್ಟರ ಹತ್ರ ಹೋದೆ. ಬಾಗಿಲಿಂದ ಕೋಣೆಗೆ ಹತ್ತೋಕೆ ಎರಡು ನಿಮಿಷ."

"ಮೂರು ದಿನ. ಯಾರೂ ಹೇಳದೆ. ಸಂಬಳ ಇಲ್ಲದೆ. ಯಾಕೆ ಸರ್?"

ಗಾಜಿನ ಗೋಡೆಯ ಆಚೆ ರಿಝಾಲಿನ್ ಯಾವುದೋ ಬಟನ್ನನ್ನು ಪಟಪಟ ಒತ್ತುತ್ತಿದ್ದಳು. ಸುಳ್ಳು ಹೇಳಬಹುದಿತ್ತು. ಆದರೆ ಶನಿವಾರ ಒಂದು ಹೇಳಿ, ಅದರ ಅಳತೆ ಹನ್ನೆರಡಡಿಗೆ ಏರಿತ್ತು.

"ಹೊಟ್ಟೆಕಿಚ್ಚು, ಮಿಸ್."

ಮಿಸ್ ಅಲ್ಕೊವೆರ್ ನಗಲಿಲ್ಲ. ಕುರ್ಚಿ ಎಳೆದು ಕೂತಳು. ನಮ್ಮಲ್ಲಿ ಖಾಲಿ ಇರುವ ಕೆಲಸವೇ ತಪ್ಪು ಹುಡುಕುವುದು, ಎಂದಳು. ಬುದ್ಧಿವಂತರು ಎಷ್ಟೋ ಜನ ಬರುತ್ತಾರೆ, ಎರಡನೇ ದಿನಕ್ಕೆ ಬೇಸರವಾಗುತ್ತದೆ. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕಲು ಯಾರಿಗೂ ಅಷ್ಟು ಆಸೆಯೇ ಇರುವುದಿಲ್ಲ. ಕೊನೆಗೆ, "ಆರು ತಿಂಗಳು ನೋಡೋಣ. ರಿಝಾಲಿನ್ ನೋಡಿ ಸರಿ ಇದೆ ಅಂತ ಬಿಟ್ಟಿದ್ದನ್ನ ನೀವು ಮತ್ತೆ ನೋಡಬೇಕು. ಅವಳು ಬಿಟ್ಟ ತಪ್ಪು ನಿಮಗೆ ಸಿಗಬೇಕು. ಆದೀತಾ?" ಎಂದಳು.

ಆದೀತಾ! ಸೆವೆರಿನೊನ ಕಣ್ಣಲ್ಲಿ ನೀರು ನಿಂತಿತು. ರಿಝಾಲಿನ್‌ಳ ತಪ್ಪು ಹುಡುಕುವುದಕ್ಕೆ ಸಂಬಳ! ಇಂಥದೊಂದು ವೃತ್ತಿ ಲೋಕದಲ್ಲಿದೆಯೆಂದು ನಲವತ್ತೆಂಟು ವಿಷಯಗಳಲ್ಲಿ ಒಂದರಲ್ಲೂ ಹೇಳಿರಲಿಲ್ಲ.

"ಒಂದು ಮಾತು. ಬಟನ್ ಒತ್ತಬೇಕು."

"ಒತ್ತುತ್ತೀನಿ ಮಿಸ್."

ಸಂಜೆ ಬೀದಿಯವರು ಮಾತಿನಂತೆ ಕಾದಿದ್ದರು. ಸೆವೆರಿನೊ ಜೀಪ್ನಿಯಿಂದ ಇಳಿದಾಗ ಕೊನ್ಸಿಂಗ್ ಅವನ ಮುಖ ನೋಡಿ, ಮೇಲಿನ ಮುಖ ನೋಡಿ, ಎರಡೂ ಹೊಂದುತ್ತವೆಯೆಂದು ಖಚಿತವಾದ ಮೇಲೆ ಉಸಿರು ಬಿಟ್ಟಳು. ಕಾಪ್ ಉರ್ಬಾನೊ ಚಪ್ಪಾಳೆ ಹೊಡೆಸಿದರು.

ಆಮೇಲಿನ ಆರು ತಿಂಗಳು ಸೆವೆರಿನೊ ದುಡಿದಂತೆ ಆ ಕಂಪನಿಯಲ್ಲಿ ಯಾರೂ ದುಡಿದಿರಲಿಲ್ಲ. ರಿಝಾಲಿನ್ 'ಸರಿ ಇದೆ' ಎಂದು ಬಿಟ್ಟ ಪ್ರತಿ ಪುಟವನ್ನೂ ಭೂತಗನ್ನಡಿ ಹಿಡಿದವನಂತೆ ತಡಕಿದ. ಸೊನ್ನೆ ಒತ್ತಿದ, ಋಣ ಎರಡು ಒತ್ತಿದ, ಫೆಬ್ರವರಿ ಮೂವತ್ತಕ್ಕೆ ದೋಣಿ ಕೇಳಿದ. ಮೊದಲ ವಾರ ಒಂದು ತಪ್ಪು ಸಿಕ್ಕಿತು. ಅದನ್ನು ಮೂರು ಪುಟ ಬರೆದು, 'ಇದು ರಿಝಾಲಿನ್ ಬಕಲ್ಸೊ ಅವರ ಕಣ್ಣಿಗೆ ಬೀಳಲಿಲ್ಲ' ಎಂಬ ಸಾಲಿಗೆ ಅಡಿಗೆರೆ ಎಳೆದು, ಎಲ್ಲರಿಗೂ ಕಳಿಸಿದ.

ರಿಝಾಲಿನ್ ಓದಿ, ಎದ್ದು ಅವನ ಮೇಜಿಗೇ ಬಂದಳು. ಸೆವೆರಿನೊ ಜಗಳಕ್ಕೆ ಸಿದ್ಧನಾದ.

"ನೊಯ್, ಇದು ಹೇಗೆ ಹೊಳೀತು? ನಂಗೆ ಹೇಳ್ಕೊಡಿ."

ಹೇಳಿಕೊಡುವ ಅವಕಾಶ ಸಿಕ್ಕರೆ ಸೆವೆರಿನೊ ಯಾವ ವೈರಿಗೂ ಹೇಳಿಕೊಡುತ್ತಾನೆ. ಅದು ಅವನ ದೌರ್ಬಲ್ಯ. ಅರ್ಧ ಗಂಟೆ ಹೇಳಿದ. ಮರುದಿನದಿಂದ ಆ ಜಾತಿಯ ತಪ್ಪು ಅವಳ ಪುಟಗಳಲ್ಲಿ ಸಿಗುವುದು ನಿಂತಿತು. ಅವನು ಇನ್ನೂ ಆಳಕ್ಕೆ ಇಳಿದು ಬೇರೊಂದು ಜಾತಿಯದನ್ನು ಹಿಡಿದ, ಅಡಿಗೆರೆ ಎಳೆದ. ಅವಳು ಮತ್ತೆ ಬಂದಳು. ಬೈನರಿ ಟ್ರೀ ಕೂಡ ಹೇಳಿಸಿಕೊಂಡು ಹೋದಳು. ಹೀಗೆ ನಲವತ್ತೊಂದು ತಪ್ಪು, ನಲವತ್ತೊಂದು ವರದಿ, ನಲವತ್ತೊಂದು ಪಾಠ. ಕೊನೆಯ ತಿಂಗಳು ಅವಳ ಪುಟಗಳಲ್ಲಿ ಸೆವೆರಿನೊಗೆ ಒಂದು ಧೂಳಿನ ಕಣವೂ ಸಿಗಲಿಲ್ಲ. ಮಳೆಗಾಲದ ಮೊದಲ ಚಂಡಮಾರುತದ ದಿನ ಆ ದ್ವೀಪಗಳ ಅರ್ಧ ಜನ ಒಂದೇ ಸಮ ಬಟನ್ ಒತ್ತಿದರು. ಪುಟ ಅಲುಗಲಿಲ್ಲ.

ಆರು ತಿಂಗಳು ತುಂಬಿದ ಶುಕ್ರವಾರ ಮಿಸ್ ಅಲ್ಕೊವೆರ್ ಎಲ್ಲರನ್ನೂ ಕರೆದು ಎರಡು ಮಾತು ಹೇಳಿದಳು.

ಅಂದು ಸೆವೆರಿನೊ ಮನೆಗೆ ಬಂದಾಗ ಕೊನ್ಸಿಂಗ್ ಬಾಗಿಲಲ್ಲೇ ನಿಂತಿದ್ದಳು. ಅವನು ಕಂಪನಿಯ ಕಾಗದವನ್ನು ಅವಳ ಕೈಗೆ ಕೊಟ್ಟು, ಶೂ ಬಿಚ್ಚಲು ಕೂತ. ಕೊನ್ಸಿಂಗ್ ಅಕ್ಷರ ಕೂಡಿಸಿ ಕೂಡಿಸಿ ಓದಿದಳು. ಖಾಯಂ. ಎರಡನೆಯ ಸಲ ಓದಿದಳು. ಆಗಲೂ ಖಾಯಂ ಎಂದೇ ಇತ್ತು. ಶಿಲುಬೆಯ ಗುರುತು ಹಾಕಿಕೊಂಡು, ಕಾಗದವನ್ನು ಎದೆಗೊತ್ತಿಕೊಂಡು, ಬೀದಿಗೆ ಕೇಳುವಂತೆ ನಕ್ಕಳು. ಆಮೇಲೆ ಮಗನ ಮುಖ ಕಂಡಿತು.

"ಖಾಯಂ ಆಗಿದೆಯಲ್ಲೋ! ಸಂಬಳವೂ ಏರಿಸಿದಾರೆ! ಮತ್ಯಾಕೆ ಯಾರೋ ಸತ್ತೋರ ಹಾಗೆ ಕೂತಿದೀಯ?"

ಸೆವೆರಿನೊ ಒಂದು ಶೂ ಬಿಚ್ಚಿ ಪಕ್ಕಕ್ಕಿಟ್ಟ. ಇನ್ನೊಂದನ್ನು ಕೈಯಲ್ಲೇ ಹಿಡಿದು ಗೋಡೆಯಾಚೆಗೆ, ಪಕ್ಕದ ಮನೆಯ ಕಡೆಗೆ, ನೋಡಿದ.

"ಅವಳಿಗೆ ಬಡ್ತಿ ಬಂತು ಮಾ."